ಕಟ್ಟ ಒಡೆದವನ ಸ್ವಗತ

ಬಾಗಿಲು ಬಡಿಯಿತು.

ರುಖಿಯಮ್ಮ ಬೀಡಿ ಎಲೆಯ ಮೊರವನ್ನು ತೊಡೆಯ ಮೇಲಿನಿಂದ ಇಳಿಸಿ ಮಗನ ಮುಖ ನೋಡಿದಳು. ಚಾಪೆ ಬಿಡಿಸುತ್ತಿದ್ದ ಹಕೀಮ ಬಗ್ಗಿದಲ್ಲೇ ನಿಂತ. ಮತ್ತೊಮ್ಮೆ ಬಡಿಯಿತು, ಈ ಸಲ ಕೈಯಿಂದಲ್ಲ, ಕೋಲಿನಿಂದ.

“ಹಕೀಮ ಇದ್ದಾನಾ ಒಳಗೆ?”

“ಯಾರು?”

“ಬಾಗಿಲು ತೆಗಿ.”

ಅಂಗಳದಲ್ಲಿ ತೆಂಗಿನ ಗರಿಯ ಸೂಟೆಗಳು ಉರಿಯುತ್ತಿದ್ದವು. ಮುಂದೆ ನಿಂತಿದ್ದವನು ಬೋಜ. ದಿನಾ ಸಂಜೆ ರುಖಿಯಮ್ಮನಿಂದ ಒಂದು ಬೀಡಿ ಕೇಳಿ ಪಡೆದು ಹೊಳೆಯ ಕಡೆಗೆ ಇಳಿದುಹೋಗುವವನು. ಈಗ ಅವನು ಅವಳ ಮುಖ ನೋಡಲಿಲ್ಲ.

“ಬಾ,” ಎಂದ.

“ಎಲ್ಲಿಗೆ ಬೋಜಣ್ಣ?”

“ಬಾ ಮಾರಾಯ. ಅಲ್ಲಿ ಹೇಳುದು.”

ಹಕೀಮನ ಹಿಂದೆ ಇಬ್ಬರು, ಮುಂದೆ ಇಬ್ಬರು. ಮನೆಯ ಹಿಂದಿನ ಇಳಿಜಾರಿನಲ್ಲಿ ಕಾಲಿಡುವಾಗಲೇ ಅವನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಮಳೆ ನಿಂತ ಮೇಲೆ ಪ್ರತಿ ರಾತ್ರಿ ಆ ಮನೆಯ ನಿದ್ದೆಗೆ ಜೊತೆಯಾಗಿರುತ್ತಿದ್ದ ಸಣ್ಣ ಸದ್ದು, ತುಂಬಿದ ಕಟ್ಟದ ಮೇಲಿನಿಂದ ನೀರು ಹನಿದು ಬೀಳುವ ಸದ್ದು, ಈಗ ಇರಲಿಲ್ಲ.

ಸೂಟೆಯ ಬೆಳಕಿನಲ್ಲಿ ಕಟ್ಟ ಕಾಣಿಸಿತು. ನಡುವಿನ ಭಾಗ ಬಾಯಿ ತೆರೆದುಕೊಂಡಿತ್ತು. ಗೂಟಗಳು ವಾಲಿ ಮಲಗಿದ್ದವು. ಎದೆಮಟ್ಟ ನೀರಿದ್ದ ಕಡೆ ಬರೀ ಕೆಸರು. ಕೆಸರಿನಲ್ಲಿ ಮೀನುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು. ದಡದ ಮೇಲೆ ಊರಿನ ಪಟೇಲರು ಕಂಬಳಿ ಹೊದ್ದು ನಿಂತಿದ್ದರು. ಅವರ ಕಾಲ ಬಳಿ ಒಂದು ಗುದ್ದಲಿ ಬಿದ್ದಿತ್ತು.

“ಇದು ಯಾರದ್ದು?”

ಹಿಡಿಯ ಸೀಳಿಗೆ ರುಖಿಯಮ್ಮನೇ ಸುತ್ತಿದ್ದ ಹಸಿರು ಬಟ್ಟೆಯ ಚಿಂದಿ ಎಲ್ಲರಿಗೂ ಕಾಣುತ್ತಿತ್ತು.

“ನಮ್ಮದು,” ಎಂದ ಹಕೀಮ. “ಅಂಗಳದಲ್ಲಿತ್ತು. ಇಲ್ಲಿಗೆ ಹೇಗೆ ಬಂತು?”

“ಅದನ್ನು ನೀನೇ ಹೇಳಿದ್ದೀಯಲ್ಲ ಮೊನ್ನೆ,” ಎಂದರು ಪಟೇಲರು. “ಅಷ್ಟು ಜನರ ಎದುರು. ಬೇಕಾದರೆ ಇನ್ನೊಂದು ಸಲ ಹೇಳು.”

ಹಕೀಮನಿಗೆ ಆಗ ಅರ್ಥವಾಯಿತು. 

ಸಂಪಾಜೆ ರಸ್ತೆಯಿಂದ ಒಳಗೆ ಸರಿದ ಆ ಊರಿಗೆ ಕಟ್ಟವೆಂದರೆ ಉಸಿರು. ಮಳೆಗಾಲ ಕಳೆದ ಮೇಲೆ ಮನೆಗೊಬ್ಬ ಆಳು ಬಂದು, ಹೊಳೆಗೆ ಅಡ್ಡಲಾಗಿ ಗೂಟ ನೆಟ್ಟು, ಕಾಡುಬಳ್ಳಿಯಿಂದ ಬಿಗಿದು, ಸೊಪ್ಪು ಮಣ್ಣು ತುಂಬಿ ತುಳಿದು ಅದನ್ನು ಕಟ್ಟುತ್ತಿದ್ದರು. ಆ ನೀರಿನಿಂದಲೇ ಕೊಳಕೆ ಎಂಬ ಮೂರನೆಯ ಭತ್ತದ ಬೆಳೆ. ಕಟ್ಟ ಕಾಯುವ ಕೆಲಸ ಬೋಜನದು. ಕಟ್ಟದ ಪಕ್ಕದ ತುಂಡು ನೆಲದಲ್ಲಿ ಗೇಣಿಗೆ ಕೂತಿದ್ದವರು ರುಖಿಯಮ್ಮ ಮತ್ತು ಅವಳ ಒಬ್ಬನೇ ಮಗ. ನೆಲ ಪದ್ಮಯ್ಯ ಗೌಡರದು. ಹಕೀಮನ ತಂದೆ ಸತ್ತ ವರ್ಷ ಗೌಡರೇ ಬಂದು, “ನೀವು ಎಲ್ಲಿಗೂ ಹೋಗುದು ಬೇಡ ರುಖಿಯಮ್ಮ. ಕಾಗದ ಎಂತಕ್ಕೆ? ನಾನಿಲ್ವಾ?” ಎಂದು ಹೇಳಿ ಹೋಗಿದ್ದರು. ಆ ಮಾತಿನ ಆಸರೆಯ ಮೇಲೆ ಮನೆ ನಿಂತಿತ್ತು.

ಅದು ಅರುವತ್ತೆರಡರ ಚುನಾವಣೆಯ ಕಾಲ. ಗೇಣಿಗೆ ಉಳುವವನನ್ನು ಇನ್ನು ಮುಂದೆ ಧಣಿ ನೆಲದಿಂದ ಎಬ್ಬಿಸಲಿಕ್ಕಾಗದಂತಹ ಕಾನೂನು ಬರುತ್ತದಂತೆ ಎಂದು ಸುಳ್ಯ ಪೇಟೆಯ ಹೋಟೆಲುಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. ಪೇಟೆಯ ಬಟ್ಟೆ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹಕೀಮನ ಕಿವಿಗೂ ಅದು ಬಿದ್ದಿತ್ತು. ಆದರೆ ಅವನ ತಲೆ ತುಂಬಾ ಆಗ ಬೇರೆಯೇ ಹುಚ್ಚು: ನಾಟಕ.

ಐತ್ತಪ್ಪ ಮಾಸ್ತರರು ಊರಿನ ಶಾಲೆಯ ಅಧ್ಯಾಪಕರು. ರಜೆಯಲ್ಲಿ ಮೈಸೂರಿಗೆ ಹೋಗಿ ನಾಟಕದ ತರಬೇತಿ ಮುಗಿಸಿ ಬಂದವರು, ಶನಿವಾರ ಸಂಜೆ ಶಾಲೆಯ ಹಜಾರದಲ್ಲಿ ಹೊಸಬರಿಗೆ ಪಾಠ ಶುರು ಮಾಡಿದ್ದರು. ಬಣ್ಣವಿಲ್ಲ, ಪರದೆಯಿಲ್ಲ. ಒಬ್ಬನೇ ಎದ್ದು ನಿಂತು ಒಂದು ಪಾತ್ರದ ಮಾತು ಆಡಬೇಕು. ಅದಕ್ಕಾಗಿ ಅವರೇ ಒಂದು ಸ್ವಗತ ಬರೆದಿದ್ದರು: ಶತ್ರುವಿಗೆ ಕೋಟೆಯ ಬಾಗಿಲು ತೆರೆದ ಕಾವಲುಗಾರ ತನ್ನ ಅರಸನ ಎದುರು ತಪ್ಪೊಪ್ಪಿಕೊಳ್ಳುವ ಮಾತು.

ಮೊದಲ ದಿನ ಹಕೀಮ ಅದನ್ನು ತಲೆಯ ಮೇಲಿನ ಮಾಡಿನ ಜಂತಿಗೆ ಹೇಳಿದ.

“ಯಾರೊಡನೆ ಮಾತಾಡಿದ್ದು ನೀನು?” ಎಂದು ಮಾಸ್ತರರು ಕೇಳಿದರು.

“ಜನರೊಡನೆ ಮಾಸ್ಟ್ರೆ.”

“ಜನ ಆಮೇಲೆ. ಸ್ವಗತ ಎಂಬ ಹೆಸರೇ ಮೋಸ. ಇದು ತನ್ನಷ್ಟಕ್ಕೆ ಗೊಣಗುವ ಮಾತಲ್ಲ. ಎದುರಿಗೆ ಒಬ್ಬ ಕೂತಿದ್ದಾನೆ. ಅವನು ಬಾಯಿ ಬಿಡುವುದಿಲ್ಲ, ಅಷ್ಟೇ. ಅವನಿಂದ ನಿನಗೆ ಏನೋ ಬೇಕು. ಕ್ಷಮೆಯೋ, ಶಿಕ್ಷೆಯೋ, ಒಂದು ನೋಟವೋ. ಅದಕ್ಕಾಗಿ ಮಾತಾಡುತ್ತಿದ್ದೀ. ಅವನ ಕಣ್ಣು ಇರುವ ಜಾಗಕ್ಕೆ ನೋಡು. ಕೇಳಿದ ಮೇಲೆ ಅವನಿಗೆ ಸಮಯ ಕೊಡು. ನಿಲ್ಲಿಸು. ಅವನು ಏನೂ ಹೇಳಲಿಲ್ಲ ಎಂಬುದು ನಿನಗೆ ತಾಗಬೇಕು. ಆಮೇಲೆ ಮುಂದಿನ ಮಾತು.”

ಹಕೀಮ ಮತ್ತೆ ಶುರು ಮಾಡಿದ. “ಒಡೆಯಾ, ನನ್ನನ್ನು ಯಾಕೆ ನಂಬಿದಿರಿ?” ಎಂದು ಕೇಳಿ ನಿಲ್ಲಿಸಿದ.

“ನಂಬಿ ಕೆಟ್ಟೆನಲ್ಲೋ ದ್ರೋಹಿ!” ಎಂದು ಪಾಠಕ್ಕೆ ಬಂದಿದ್ದ ಸುಂದರ ಬೆಂಚಿನಿಂದ ಗರ್ಜಿಸಿದ. ಎಲ್ಲರೂ ಗೊಳ್ಳೆಂದು ನಕ್ಕರು.

ಸುಂದರನದು ಬೇಕೆಂದು ಮಾಡಿದ ಕೀಟಲೆಯೇನಲ್ಲ. ತಾಳಮದ್ದಳೆಯ ಅರ್ಥ ಕೇಳಿ ಬೆಳೆದ ಊರು ಅದು. ಅಲ್ಲಿ ಭಾಗವತರ ಪದ್ಯವಾದ ಮೇಲೆ ಇಬ್ಬರು ಎದುರುಬದುರು ಕೂತು, ಬರೆದಿಟ್ಟದ್ದು ಏನೂ ಇಲ್ಲದೆ, ಪಾತ್ರವಾಗಿ ವಾದಿಸುತ್ತಾರೆ, ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಒಬ್ಬ ಪ್ರಶ್ನೆ ಹಾಕಿ ನಿಲ್ಲಿಸಿದರೆ ಇನ್ನೊಬ್ಬ ಉತ್ತರ ಕೊಡಲೇಬೇಕು, ಕೊಡದವನು ಸೋತಂತೆ. ಹಾಗಾಗಿ ಮಾಸ್ತರರ ಪಾಠಗಳಲ್ಲಿ ಬಿಟ್ಟ ಖಾಲಿ ಜಾಗಗಳೆಲ್ಲ ಬೆಂಚಿನಿಂದ ತುಂಬಿಹೋಗುತ್ತಿದ್ದವು.

“ಇದು ತಾಳಮದ್ದಳೆ ಅಲ್ಲ!” ಎಂದು ಮಾಸ್ತರರು ತಲೆ ಹಿಡಿದುಕೊಂಡರು. “ಸುಂದರಾ, ನಿನ್ನ ಬಾಯಿಗೆ ಒಂದು ಬೀಗ ಹಾಕ್ಲಿಕ್ಕೆ ಆಗುದಿಲ್ವಾ?”

“ಎಂತ ಮಾಡುದು ಮಾಸ್ಟ್ರೆ, ಇವ ಕೇಳಿ ಸುಮ್ಮನೆ ನಿಲ್ತಾನೆ. ಪಾಪ ಕಾಣ್ತದೆ.”

ಮೊನ್ನೆಯ ಶನಿವಾರ ಪಾಠ ನೋಡಲು ಊರಿನ ಹಿರಿಯರಿಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು: ಪಟೇಲರು ಮತ್ತು ಪದ್ಮಯ್ಯ ಗೌಡರು. ವರ್ಷವೂ ತಾಳಮದ್ದಳೆಗೆ ಎದುರುಬದುರು ಕೂರುವ ಜೋಡಿ. ಇಬ್ಬರ ಕಂಠವೂ ಹೊಳೆಯಾಚೆಗೆ ಕೇಳುವಂಥದು. ಪಟೇಲರು ಪಾಠ ನೋಡಿ ಮೂಗು ಮುರಿದರು. ಪದ್ಮಯ್ಯ ಗೌಡರು ನಕ್ಕು, “ಎದುರಿನವ ಮಾತಾಡದ ಅರ್ಥ ಎಂತ ಅರ್ಥ ಮಾಸ್ಟ್ರೆ? ಆದರೂ ನಮ್ಮ ಹಕೀಮ ಜೋರು ಉಂಟು,” ಎಂದು ಬೆನ್ನು ತಟ್ಟಿದರು.

ಆ ದಿನವೇ ಮಾಸ್ತರರು ಹೊಸ ಅಭ್ಯಾಸ ಕೊಟ್ಟದ್ದು. ಕೋಟೆ ಕಂಡವರು ಯಾರೂ ಅಲ್ಲಿರಲಿಲ್ಲ. ಆದ್ದರಿಂದ ಮಾತು ಒಣಗಿದಂತೆ ಬರುತ್ತಿತ್ತು. “ಕೋಟೆ ಬಿಡು. ನಿನ್ನ ಊರಿನಲ್ಲಿ ಎಲ್ಲರೂ ಒಬ್ಬನನ್ನು ನಂಬಿ ನಿದ್ದೆ ಮಾಡುವಂಥ ವಿಷಯ ಎಂತ ಉಂಟು?” ಎಂದು ಅವರು ಕೇಳಿದರು.

“ಕಟ್ಟ ಕಾಯುದು,” ಎಂದ ಹಕೀಮ.

“ಸರಿ. ಅದನ್ನು ನೀನು ಒಡೆದಿದ್ದೀ ಎಂದುಕೊ. ನಿನ್ನ ಮಾತಿನಲ್ಲೇ ಹೇಳು.”

ಹಕೀಮ ಕಣ್ಣು ಮುಚ್ಚಿ ತೆರೆದ. ಆಮೇಲೆ ಹೇಳಿದ. ಸಂಜೆಯೆಲ್ಲ ಕೂತು ಕಾದದ್ದು, ಮನೆಯ ಗುದ್ದಲಿ ಎತ್ತಿಕೊಂಡು ಇಳಿದದ್ದು, ನಟ್ಟನಡುವೆ ನಿಂತು ಮಣ್ಣು ಕೆದಕಿದ್ದು, ಮೊದಲ ನೀರು ಕಾಲ ಬೆರಳಿನ ನಡುವೆ ತಣ್ಣಗೆ ನುಗ್ಗಿದ್ದು. “ಒಡೆದದ್ದು ನಾನೇ ಧಣೀ, ಈ ಕೈಯಿಂದಲೇ.” ಹಜಾರದಲ್ಲಿ ಅಂದು ಯಾರೂ ನಗಲಿಲ್ಲ. ಸುಂದರ ಕೂಡ ಉತ್ತರ ಕೊಡಲು ಮರೆತ. ಮಾಸ್ತರರ ಕಣ್ಣಿನಲ್ಲಿ ನೀರಾಡಿತು. ಹಕೀಮನ ಜೀವನದ ಅತಿ ದೊಡ್ಡ ಸಂತೋಷ ಅದು. ನಾಲ್ಕು ದಿನವೂ ಬಾಳಲಿಲ್ಲ.

ಕಟ್ಟದ ಬಳಿಯಿಂದ ಅವನನ್ನು ಮನೆಗೆ ಬಿಟ್ಟುಬರಲು ಪಟೇಲರು ಬೋಜನನ್ನೇ ಕಳಿಸಿದರು. ಇಳಿಜಾರು ಹತ್ತುವಾಗ ಬೋಜ ಸೂಟೆಯನ್ನು ನೆಲಕ್ಕೊತ್ತಿ ಆರಿಸಿದ.

“ನೀನು ಅಲ್ಲ, ನನಗೆ ಗೊತ್ತುಂಟು,” ಎಂದು ಪಿಸುಗುಟ್ಟಿದ. “ಗುದ್ದಲಿಯ ಕೆಲಸ ಅಲ್ಲ ಅದು. ಆಚೆ ದಡದ ಹೊಂಗೆ ಮರಕ್ಕೆ ಇಡೀ ಗೂಟದ ಸಾಲನ್ನು ಒಂದು ಬಳ್ಳಿಯಲ್ಲಿ ಎಳೆದು ಕಟ್ಟಿದ್ದು ಉಂಟಲ್ಲ? ಅದನ್ನು ಕತ್ತಿಯಲ್ಲಿ ಕೊಯ್ದಿದ್ದಾರೆ. ಹಸಿ ಗಾಯ. ಸಾಲು ವಾಲಿತು, ನಡುವೆ ಬಾಯಿ ಬಿಟ್ಟಿತು. ಮೊದಲು ನೋಡಿದ್ದು ನಾನು. ಬಳ್ಳಿಯ ತುದಿಯನ್ನು ಬಿಚ್ಚಿ ಹುಗಿದು ಇಟ್ಟಿದ್ದೇನೆ.”

“ಪಟೇಲರಿಗೆ ಹೇಳು ಬೋಜಣ್ಣ! ಈಗಲೇ ಹೇಳು!”

“ಹೇಗೆ ಹೇಳುದು? ಬಳ್ಳಿ ಕೊಯ್ಯುವಾಗ ನೀನೆಲ್ಲಿ ಸತ್ತಿದ್ದೆ ಅಂತ ಕೇಳಿದರೆ? ನಾನು ನಿದ್ದೆ ಮಾಡಿದ್ದೆ ಮಾರಾಯ. ನನಗೂ ಹೆಂಡತಿ ಮಕ್ಕಳು ಉಂಟು.” ಅವನು ಹಿಂದಕ್ಕೆ ತಿರುಗಿ ನೋಡಿದ. “ಮತ್ತೆ, ಕೊಯ್ದವ ಯಾರು ಅಂತ ಗೊತ್ತಿಲ್ಲದೆ ಬಾಯಿ ಬಿಡುದು ಹೇಗೆ? ಅವನ ಎದುರೇ ಬಿಟ್ಟರೆ?”

ಕೊಯ್ದವನು ಯಾರು? ಹಕೀಮ ನಿದ್ದೆಯಿಲ್ಲದೆ ಲೆಕ್ಕ ಹಾಕಿದ. ಕಟ್ಟದ ಕೆಳಗಿನ ಗದ್ದೆಗಳೆಲ್ಲ ಪಟೇಲರವು. ಕಟ್ಟ ಒಡೆದ ಕೂಡಲೇ ಅವುಗಳಿಗೆ ನೀರು ಹರಿದಿತ್ತು. ಶನಿವಾರ ಅವನ ಮಾತು ಕೇಳಿದವರು ಹಜಾರದಲ್ಲಿದ್ದವರು. ಆದರೆ ಭಾನುವಾರದ ಹೊತ್ತಿಗೆ ಸುಂದರನ ಬಾಯಿಂದ ಇಡೀ ಊರೇ ಕೇಳಿತ್ತು. ಗುದ್ದಲಿ ಅಂಗಳದಲ್ಲಿ ಬಿದ್ದಿರುತ್ತಿತ್ತು, ಬೇಕಾದವನು ಎತ್ತಬಹುದಿತ್ತು. ಯಾವ ದಾರಿ ಹಿಡಿದರೂ ಅದು ಅವನದೇ ಮಾತಿಗೆ ಬಂದು ಮುಟ್ಟುತ್ತಿತ್ತು. ಯಾರೋ ಅವನ ಸ್ವಗತವನ್ನು ಎತ್ತಿಕೊಂಡು ಹೋಗಿ ಹೊಳೆಯಲ್ಲಿ ಆಡಿ, ವೇಷವನ್ನು ಮಾತ್ರ ಇವನ ಮೈಮೇಲೆ ಬಿಟ್ಟುಹೋಗಿದ್ದರು.

ಮರುದಿನ ಪದ್ಮಯ್ಯ ಗೌಡರು ತಾವಾಗಿ ಅಂಗಳಕ್ಕೆ ಬಂದರು. ರುಖಿಯಮ್ಮ ತಲೆವಸ್ತ್ರ ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು ಅತ್ತಳು.

“ನನ್ನ ಮೋನು ಮಾಡಿದ್ದಲ್ಲ ಗೌಡ್ರೆ.”

“ನನಗೆ ಗೊತ್ತಿಲ್ವಾ ರುಖಿಯಮ್ಮ? ಅದು ನಾಟಕ. ಆದರೆ ಊರಿಗೆ ಗೊತ್ತಾಗಬೇಕಲ್ಲ. ಕೊಳಕೆ ಹೋಯಿತು, ಜನಕ್ಕೆ ಹೊಟ್ಟೆ ಉರೀತದೆ. ಇವನನ್ನು ಇಲ್ಲಿಂದ ಎಬ್ಬಿಸಬೇಕು ಅಂತ ಹೇಳ್ತಾರೆ.” ಅವರು ಹಕೀಮನ ಕಡೆ ತಿರುಗಿದರು. “ಪಟೇಲರಿಗೆ ನಾನು ಹೇಳಿದ್ದೇನೆ. ಶುಕ್ರವಾರ ಸಂಜೆ ಅವರ ಅಂಗಳದಲ್ಲಿ ಎಲ್ಲರೂ ಸೇರುದು. ಅಲ್ಲಿ ನೀನು ಆ ಮಾತನ್ನು ಹಾಗೇ ಆಡಿ ತೋರಿಸು. ಅರ್ಥ ಗೊತ್ತಿದ್ದ ಊರು ಇದು. ನಾಟಕ ಅಂತ ಅವರಿಗೆ ಗೊತ್ತಾಗ್ತದೆ.”

ರುಖಿಯಮ್ಮ ಕೈಮುಗಿದಳು.

ಹಕೀಮ ಪೇಟೆಯಿಂದ ಬರುವ ದಾರಿಯಲ್ಲಿ ಮಾಸ್ತರರನ್ನು ಕಂಡ. ಶಾಲೆಯ ಜಗಲಿಯಲ್ಲಿ ಕೂತು ಶುಕ್ರವಾರದ ಸಂಗತಿ ಹೇಳಿದ.

“ಚೆನ್ನಾಗಿ ಮಾಡಿದರೆ?” ಎಂದು ಹಕೀಮ ಕೇಳಿದ.

“ಇಷ್ಟು ಚೆನ್ನಾಗಿ ಹೇಳುವವನು ಮಾಡಿಯೇ ಇರಬೇಕು ಎನ್ನುತ್ತಾರೆ.”

“ಕೆಟ್ಟದಾಗಿ ಮಾಡಿದರೆ?”

“ಮೊನ್ನೆ ಹಾಗೆ ಹೇಳಿದವನು ಇವತ್ತು ತೊದಲುತ್ತಾನೆ, ಹಾಗಾದರೆ ಮೊನ್ನೆಯದು ನಾಟಕವಲ್ಲ ಎನ್ನುತ್ತಾರೆ.”

“ಆಡುವುದೇ ಇಲ್ಲ ಎಂದರೆ?”

“ಹೆದರಿದ ಎನ್ನುತ್ತಾರೆ.”

ಮಾಸ್ತರರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರಸಿದರು. ಒರಸುತ್ತಲೇ ಇದ್ದರು. “ಪಾಠ ನನ್ನದು, ಹಕೀಮಾ. ನಾನು ನಿನಗೆ ಬೇರೆ ಏನನ್ನಾದರೂ ಒಡೆಯಲು ಹೇಳಬಹುದಿತ್ತು.” ಆಮೇಲೆ, ಅವರಿಗೆ ತಿಳಿದಿದ್ದ ಒಂದೇ ಸಹಾಯ ಎಂಬಂತೆ, “ಒಬ್ಬನ ಮುಖಕ್ಕೆ ಹೇಳು,” ಎಂದರು. “ನಡುವೆ ನಿಲ್ಲಿಸಬೇಕಾದಲ್ಲಿ ನಿಲ್ಲಿಸು. ಎಷ್ಟು ಹೆದರಿಕೆಯಾದರೂ ಆ ಜಾಗವನ್ನು ತುಂಬಬೇಡ.”

ಶುಕ್ರವಾರ ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿಸಿ ತಾಯಿ ಮಗ ಪಟೇಲರ ಮನೆಗೆ ಹೋದರು. ಅಂಗಳ ತುಂಬಿತ್ತು. ನಡುವೆ ಗ್ಯಾಸ್ ಲೈಟು. ಅದಕ್ಕೆ ಗಾಳಿ ಹಾಕಲು ಬೋಜ ಕುಕ್ಕರಗಾಲಿನಲ್ಲಿ ಕೂತಿದ್ದ. ಬೆಳಕು ಹಕೀಮನ ಕಣ್ಣಿಗೇ ಹೊಡೆಯುತ್ತಿತ್ತು. ಅದರಾಚೆ, ಜಗಲಿಯ ಮೇಲೆ ಕೂತ ಹಿರಿಯರ ಸಾಲು ಬರೀ ಕತ್ತಲೆ. ಎಲೆಯಡಿಕೆಯ ತಟ್ಟೆಯ ಸದ್ದು ಮಾತ್ರ ಬರುತ್ತಿತ್ತು.

“ಶುರು ಮಾಡು,” ಎಂದು ಪಟೇಲರ ಸ್ವರ ಕೇಳಿತು.

ಹಕೀಮ ಸುತ್ತ ನೋಡಿದ. ಹೆಂಗಸರ ಗುಂಪಿನ ಅಂಚಿನಲ್ಲಿ ಅವನ ಉಮ್ಮ ರುಖಿಯಮ್ಮ ನಿಂತಿದ್ದಳು. ಅವಳನ್ನು ನೋಡಿ ಹೇಳಲಾರ. ಕತ್ತಲೆಯಲ್ಲಿ ಕೂತವನ ಕಣ್ಣಿನ ಎತ್ತರವನ್ನು ಅಂದಾಜು ಮಾಡಿ, ಜಗಲಿಯ ನಡುವಿಗೆ ದೃಷ್ಟಿ ನೆಟ್ಟ.

“ಧಣೀ, ಕಟ್ಟ ಒಡೆದದ್ದು ನಾನೇ.”

ಗುಂಪಿನಲ್ಲಿ ಒಂದು ಉಸಿರು ಹೊರಳಿತು.

ಚೆನ್ನಾಗಿ ಮಾಡಬಾರದು ಎಂದುಕೊಂಡೇ ಬಂದಿದ್ದ. ಆದರೆ ಮಾತು ಅವನ ಕೈಯಲ್ಲಿ ಉಳಿಯಲಿಲ್ಲ. ನಾಲ್ಕು ರಾತ್ರಿಗಳ ಭಯವೆಲ್ಲ ಅದರೊಳಗೆ ಇಳಿಯಿತು. ಸಂಜೆಯೆಲ್ಲ ಕಾದದ್ದು ಹೇಳಿದ. ಗುದ್ದಲಿ ಎತ್ತಿದ್ದು ಹೇಳಿದ. ನಡುಕಟ್ಟದ ಮೇಲೆ ನಿಂತು ಮಣ್ಣು ಕೆದಕಿದ್ದು, ಒಬ್ಬನೇ, ಯಾರ ಸಹಾಯವೂ ಇಲ್ಲದೆ, ಕತ್ತಲು ಕವಿದ ಮೇಲೆ. ಮುದುಕಿಯೊಬ್ಬಳು “ಅಯ್ಯೋ ದೇವರೇ” ಎಂದಳು. ತನ್ನ ಸುತ್ತ ನೀರು ಏರುವುದನ್ನು ನೋಡುವವನಂತೆ ಹಕೀಮ ತನ್ನ ಸ್ವರವನ್ನು ಕೇಳುತ್ತಾ ನಿಂತ. ಎಲ್ಲರೂ ನಂಬುತ್ತಿದ್ದರು. ಹಿಂದೆ ಸರಿಯಲು ದಾರಿಯಿರಲಿಲ್ಲ.

“ಊರೆಲ್ಲ ತುಳಿದು ಗಟ್ಟಿ ಮಾಡಿದ ಮಣ್ಣನ್ನು ಈ ಒಂದು ಗುದ್ದಲಿಯಿಂದ ಒಡೆದೆ. ನಂಬಿಕೆ ಬರುವುದಿಲ್ಲವೇ ಧಣೀ? ಯಾಕೆ ಸುಮ್ಮನೆ ಕೂತಿದ್ದೀರಿ? ಹೇಗೆ ಒಡೆದೆ ಎಂದಾದರೂ ಕೇಳಬಾರದೇ?”

ನಿಲ್ಲಿಸಿದ. ಜಾಗವನ್ನು ತುಂಬಲಿಲ್ಲ.

ಗ್ಯಾಸ್ ಲೈಟು ಸುಂಯ್ಯೆನ್ನುತ್ತಿತ್ತು. ಮೌನ ಉದ್ದವಾಯಿತು, ಆ ಊರಿನ ಕಿವಿ ತಡೆಯಲಾರದಷ್ಟು ಉದ್ದವಾಯಿತು. ಆಗ ಕತ್ತಲೆಯಿಂದ, ವರ್ಷವರ್ಷ ಊರು ಕೇಳಿ ತಲೆದೂಗಿದ ತುಂಬು ಕಂಠದಲ್ಲಿ, ಉತ್ತರ ಬಂತು.

“ಎಲವೋ ಮೂಢ! ಊರು ಸೇರಿ ತುಳಿದ ಮಣ್ಣು ನಿನ್ನೊಬ್ಬನ ಗುದ್ದಲಿಗೆ ಜಗ್ಗೀತೇ? ಆಚೆ ದಡದ ಹೊಂಗೆಗೆ ಬಿಗಿದ ಬಳ್ಳಿಯೊಂದನ್ನು ಕತ್ತಿಯಿಂದ ಕೊಯ್ದರೆ ಸಾಕು, ಮಿಕ್ಕುದೆಲ್ಲವನ್ನೂ ನೀರೇ ಮಾಡೀತು ಎಂಬಷ್ಟು ಬುದ್ಧಿಯೂ ನಿನಗಿಲ್ಲದೆ ಹೋಯಿತೇ?”

ಸುಂದರನ ಬಾಯಿ “ಭಲೇ” ಎನ್ನಲು ತೆರೆಯಿತು. ಹಾಗೇ ಮುಚ್ಚಿತು.

ಬೋಜನ ಕೈ ಪಂಪಿನ ಮೇಲೆ ನಿಂತುಬಿಟ್ಟಿತ್ತು. ಲೈಟು ಮೆಲ್ಲಗೆ ಹಳದಿಗೆ ತಿರುಗಿತು. ಹಕೀಮ ಅವನನ್ನೇ ನೋಡಿದ. ಈಗ ಹೇಳು ಬೋಜಣ್ಣ, ಹುಗಿದಿಟ್ಟ ಬಳ್ಳಿ ತಾ ಎಂದು ಕಣ್ಣಿನಿಂದಲೇ ಬೇಡಿದ. ಬೋಜ ತಲೆ ಬಗ್ಗಿಸಿ ಮತ್ತೆ ಗಾಳಿ ಹಾಕತೊಡಗಿದ, ಅಗತ್ಯಕ್ಕಿಂತ ಹೆಚ್ಚು ಹಾಕಿದ.

ಆ ಸ್ವರ ಯಾರದೆಂದು ಅಂಗಳದಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅದಕ್ಕೇ ಯಾರೂ ಕೇಳಲಿಲ್ಲ. ಯಾರೂ ಜಗಲಿಯ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಗೊತ್ತಿದ್ದವರಿಗೆ ಗೊತ್ತಾಗಿತ್ತು: ಅರ್ಥದಲ್ಲಿ ಎದುರಾಳಿಯ ಮಾತಿನ ಬಿರುಕು ಕಂಡರೆ ಅದರೊಳಗೆ ಬೆರಳು ತೂರಿಸದೆ ಬಿಡಲಾರದ ಆ ಚಟ, ಇವತ್ತು ತನ್ನ ಯಜಮಾನನನ್ನೇ ಹಿಡಿದುಕೊಟ್ಟಿತ್ತು.

ಐತ್ತಪ್ಪ ಮಾಸ್ತರರು ಎದ್ದು ನಿಂತರು. “ಪಟೇಲರೇ, ಈಗ ಬಂದ ಉತ್ತರ... ಬಳ್ಳಿ ಕೊಯ್ದ ಸಂಗತಿ ಇಲ್ಲಿ ಯಾರೂ ಈವರೆಗೆ...”

“ಮಾಸ್ಟ್ರೆ,” ಪಟೇಲರ ಸ್ವರ ಅವಸರವಿಲ್ಲದೆ ಬಂತು. “ಶಾಲೆಯ ಮಾಡಿಗೆ ಹಂಚು ಇನ್ನೂ ಆಗಬೇಕಲ್ಲ? ಮಳೆ ಬಂದರೆ ಮಕ್ಕಳು ಎಲ್ಲಿ ಕೂರುದು? ನೀವು ಕೂತ್ಕೊಳ್ಳಿ.”

ಮಾಸ್ತರರು ನಿಂತರು. ಮತ್ತೂ ಸ್ವಲ್ಪ ನಿಂತರು. ಆಮೇಲೆ ಕೂತರು.

ಹಕೀಮನೇ ಬಾಯಿ ತೆರೆದ. ಅಷ್ಟರಲ್ಲಿ ಉಮ್ಮ ಗುಂಪಿನಿಂದ ನುಗ್ಗಿ ಬಂದು ಅವನ ಅಂಗಿಯ ತೋಳು ಹಿಡಿದಿದ್ದಳು. “ಬೇಡ ಮೋನೆ,” ಎಂದಳು. ಅವಳ ಕೈ ಬೆಂಕಿಯಂತೆ ಬಿಸಿಯಾಗಿತ್ತು. “ಒಂದು ಹೆಸರು ಹೇಳಿ ನಾವು ಎಲ್ಲಿಗೆ ಹೋಗುದು? ಸುಮ್ಮನಿದ್ದರೆ ಮನೆಯಾದರೂ ಉಳೀತದೆ.”

ಸುಮ್ಮನಿದ್ದರು. ಮನೆ ಉಳಿಯಲಿಲ್ಲ.

“ಬಾಯಿ ಇವನದು, ಗುದ್ದಲಿ ಇವನದು,” ಎಂದು ಪಟೇಲರು ತೀರ್ಮಾನ ಹೇಳಿದರು. “ಪೊಲೀಸು, ಕೋರ್ಟು ಎಂತದೂ ಬೇಡ. ಬಿಸು ಹಬ್ಬಕ್ಕೆ ಮೊದಲು ಹೊಳೆಬದಿ ಖಾಲಿ ಮಾಡಬೇಕು.” ಜಗಲಿಯ ಮೇಲಿನಿಂದ ಬೇರೆ ಮಾತು ಬರಲಿಲ್ಲ. ಎಲೆಯಡಿಕೆಯ ತಟ್ಟೆ ಒಬ್ಬರಿಂದ ಇನ್ನೊಬ್ಬರಿಗೆ ಸರಿಯಿತು. ಜನ ಎದ್ದು ಪಂಚೆ ಕೊಡವಿಕೊಂಡು, ಹಕೀಮನ ಮೈಗೆ ತಾಗದಂತೆ ಬಳಸಿಕೊಂಡು ಹೋದರು.

ದಾರಿಯಲ್ಲಿ ಸುಂದರ ಓಡಿಬಂದು ಜೊತೆಯಾದ. ಏನೋ ತಮಾಷೆ ಮಾಡಲು ನೋಡಿದ, ಆಗಲಿಲ್ಲ. “ನೀನು ಜೋರು ಮಾಡಿದೆ ಮಾರಾಯ,” ಎಂದಷ್ಟೇ ಹೇಳಿ ಹಿಂದೆ ಉಳಿದ.

ಏಪ್ರಿಲಿನ ಬಿಸುವಿಗೆ ಮೊದಲು ಅವರು ಹೊರಟರು. ಪಾತ್ರೆ, ಮೊರ, ಎರಡು ಚಾಪೆ. ಬಸ್ಸು ಹತ್ತುವಾಗ ಬೋಜ ಎಲ್ಲಿಂದಲೋ ಬಂದು ರುಖಿಯಮ್ಮನ ಗಂಟನ್ನು ಮೇಲಕ್ಕೆ ಎತ್ತಿಕೊಟ್ಟ. ಅವಳು ಅಭ್ಯಾಸ ಬಲದಿಂದ ಮಡಿಲಿನಿಂದ ಒಂದು ಬೀಡಿ ತೆಗೆದು ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲೂ ಆರದೆ, ಬೇಡವೆನ್ನಲೂ ಆರದೆ, ಬಸ್ಸು ಹೊರಡುವವರೆಗೆ ಕೈ ಕಟ್ಟಿ ನಿಂತ. ಮಳೆಗಾಲದ ಹೊತ್ತಿಗೆ ಹೊಳೆಬದಿಯ ಮನೆಯನ್ನು ಕೆಡವಿ ನೆಲ ಸಮ ಮಾಡಿದರೆಂದು ಸುದ್ದಿ ಬಂತು. ಮಳೆ ಕಳೆದ ಮೇಲೆ ಹೊಳೆಗೆ ಹಳೆಯ ಜಾಗದಲ್ಲೇ ಹೊಸ ಕಟ್ಟ ಕಟ್ಟಿದರಂತೆ. ಬಳ್ಳಿಯನ್ನು ಅದೇ ಹೊಂಗೆ ಮರಕ್ಕೆ ಬಿಗಿದರಂತೆ.

ಪುತ್ತೂರಿನ ಬಸ್ ನಿಲ್ದಾಣದ ಹಿಂದೆ, ದೂರದ ಸಂಬಂಧಿ ಹಸನಬ್ಬನ ಬಟ್ಟೆ ಅಂಗಡಿಯಲ್ಲಿ ಹಕೀಮನಿಗೆ ಒಂದು ಹೊಲಿಗೆ ಯಂತ್ರ ಸಿಕ್ಕಿತು. ಹಿಂದಿನ ಕೋಣೆಯಲ್ಲಿ ಉಮ್ಮ ಬೀಡಿ ಕಟ್ಟಿದಳು. ರಾತ್ರಿ ನೀರಿನ ಸದ್ದಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹಕೀಮನ ಮಾತು ಕಡಿಮೆಯಾಯಿತು. ಗಿರಾಕಿಗಳು ಏನಾದರೂ ಕೇಳಿದರೆ ತುಸು ತಡೆದು, ಅಳೆದು ಉತ್ತರಿಸುತ್ತಿದ್ದ.

ಐತ್ತಪ್ಪ ಮಾಸ್ತರರಿಗೆ ವರ್ಗವಾಗಿ ಅವರೂ ಪುತ್ತೂರಿಗೆ ಬಂದರು. ಒಂದು ಶನಿವಾರ ಅಂಗಡಿಯ ಮುಂದೆ ನಿಂತು, ಕೊಡೆ ಮಡಚಿ, “ಪಾಠ ಶುರು ಮಾಡಿದ್ದೇನೆ,” ಎಂದರು. ಬಾ ಎನ್ನುವ ಧೈರ್ಯ ಅವರಿಗಿರಲಿಲ್ಲ. ಹಕೀಮ ನೂಲು ಕಡಿದು, ಯಂತ್ರಕ್ಕೆ ಬಟ್ಟೆ ಮುಚ್ಚಿ ಎದ್ದ.

ಹೊಸ ಹುಡುಗರು ಬೆಂಚುಗಳಲ್ಲಿ ಕೂತಿದ್ದರು. ಅವರೆದುರು ಮಾಸ್ತರರು ಒಂದು ಖಾಲಿ ಕುರ್ಚಿ ಇಟ್ಟರು. “ಯಾರೊಡನೆ ಮಾತಾಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಬಾಯಿ ತೆರೆಯಬಾರದು. ಇದು ಮೊದಲ ಪಾಠ,” ಎಂದು ಹುಡುಗರಿಗೆ ಹೇಳಿದರು. “ಎದುರು ಕೂತವನಿಗೆ ಒಂದು ಮುಖ, ಒಂದು ಹೆಸರು ಇರಬೇಕು. ಮೊದಲು ಅದನ್ನು ಹೇಳಿ, ಆಮೇಲೆ ಶುರು ಮಾಡಬೇಕು. ಇವನು ಮಾಡಿ ತೋರಿಸುತ್ತಾನೆ.”

ಹಕೀಮ ಕುರ್ಚಿಯ ಎದುರು ನಿಂತ. ಕೂತವನ ಕಣ್ಣಿನ ಎತ್ತರಕ್ಕೆ ದೃಷ್ಟಿ ನಿಲ್ಲಿಸಿದ. ಹಳೆಯ ಕೋಟೆಯ ಮಾತೇ, ಬಾಗಿಲು ತೆರೆದ ಕಾವಲುಗಾರನ ಮಾತೇ. ಆದರೆ ಕುರ್ಚಿಯಲ್ಲಿ ಅರಸನಿರಲಿಲ್ಲ. ಗ್ಯಾಸ್ ಲೈಟಿನಾಚೆಯ ಕತ್ತಲೆ ಅಲ್ಲಿ ಬಂದು ಕೂತಿತ್ತು.

“ಯಾರನ್ನು ಕೂರಿಸಿದ್ದೀ?” ಎಂದು ಮಾಸ್ತರರು ಮೆಲ್ಲಗೆ ಕೇಳಿದರು. ಅವರಿಗೂ ಗೊತ್ತಿತ್ತು. ಅಂದು ಆ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊಳಕೆ ಕಳೆದುಕೊಂಡವರಿಗೂ, ಕಳೆದುಕೊಳ್ಳದವರಿಗೂ ಗೊತ್ತಿತ್ತು. ಗಟ್ಟಿಯಾಗಿ ಹೇಳಿದವರು ಮಾತ್ರ ಈವರೆಗೆ ಒಬ್ಬರೂ ಇರಲಿಲ್ಲ. ಇಲ್ಲಿ ಹೇಳಿದರೂ ಹೊಳೆಬದಿಗೆ ಕೇಳುವುದಿಲ್ಲ. ಈ ಹುಡುಗರಿಗೆ ಅದು ಬರೀ ಒಂದು ಹೆಸರು.

ಹಕೀಮ ಖಾಲಿ ಕುರ್ಚಿಯಿಂದ ಕಣ್ಣು ತೆಗೆಯಲಿಲ್ಲ.

“ಬಳ್ಳಿ ಕೊಯ್ದವರನ್ನು ಮಾಸ್ಟ್ರೆ, ಪದ್ಮಯ್ಯ ಗೌಡ್ರನ್ನು.”